ಬಚ್ಚಲುಮನೆಯ ನಕ್ಷೆ

ತೀರ್ಥಹಳ್ಳಿಯ ಸಮೀಪ ನಾವು ಕಟ್ಟಿಸುತ್ತಿರುವ ಮನೆಯಲ್ಲಿ ನಾನು ಅತಿ ಹೆಚ್ಚು ಬಾರಿ ಅಳಿಸಿ ಬರೆದದ್ದು ಬಚ್ಚಲುಮನೆಯ ನಕ್ಷೆಯನ್ನೇ. ಮಳೆಗಾಲದಲ್ಲಿ ಇಲ್ಲಿ ಒಮ್ಮೆ ಒದ್ದೆಯಾದ ನೆಲ ಸುಲಭವಾಗಿ ಆರುವುದಿಲ್ಲವಾದ್ದರಿಂದ, 8 ಅಡಿ ಉದ್ದ, 6 ಅಡಿ ಅಗಲದ ಕೋಣೆಯಲ್ಲಿ ಬಾಗಿಲ ಬಳಿ ಬೇಸಿನ್, ನಡುವೆ ಕಮೋಡ್, ಕೊನೆಯಲ್ಲಿ ಸ್ನಾನದ ಜಾಗ ಎಂದು ನಿಶ್ಚಯಿಸಿ, ಸ್ನಾನದ ಭಾಗವನ್ನು ಒಂದು ಅಂಗುಲ ತಗ್ಗಿಸಿ, ನೀರು ಹೋಗುವ ಜಾಲರಿಯ ಕಡೆಗೆ ಇಳಿಜಾರು ಕೊಡಿಸಿದೆ. ಕಮೋಡಿನ ನಡುಗೆರೆಯಿಂದ ಗೋಡೆಗೆ ಕನಿಷ್ಠ 15 ಅಂಗುಲ ಬಿಡಬೇಕು. ಇಲ್ಲವಾದರೆ ಮೊಣಕೈ ತಾಗುತ್ತದೆ. ನೈರುತ್ಯದ ಗಾಳಿಯೊಡನೆ ಇರಚಲು ಹೊಡೆಯುವುದು ಪಡುವಣ ಗೋಡೆಗಾದ್ದರಿಂದ ಕಿಟಕಿಯನ್ನು ಉತ್ತರಕ್ಕಿಟ್ಟೆವು. ಅಡಿಕೆ ಸಿಪ್ಪೆ ಉರಿಸುವ ಹಂಡೆಯ ಒಲೆಯನ್ನು ಬಿಡಲು ಅಮ್ಮ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಹೊಗೆ ಒಳಗೆ ಬಾರದಂತೆ ಒಲೆಯ ಬಾಯಿಯನ್ನು ಹೊರಗೋಡೆಗೆ ತೆರೆಸಿ, ಹಂಡೆಯನ್ನು ಮಾತ್ರ ಒಳಗೆ ಕೂರಿಸುತ್ತಿದ್ದೇವೆ. ಅದರ ಬಿಸಿಗೆ ಗೋಡೆಯ ತೇವವೂ ಆರೀತೆಂಬ ನಂಬಿಕೆ ನನ್ನದು.