ಅರಸರ ಮಾತಿಗೆ ಬಿದ್ದ ಮತ

2008ರ ಮಾರ್ಚಿನಲ್ಲಿ, ಭೂತಾನಿನ ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ, ಅಲ್ಲಿಗೆ ಹೊರಟಿದ್ದ ನನಗೆ ಗಡಿಯ ಈಚೆಗಿನ ಜೈಗಾಂವ್‌ನ ಏಜೆಂಟ್ ಒಂದು ಮಾತು ಹೇಳಬಹುದಿತ್ತು: ಅಲ್ಲಿನವರು ಮತ ಹಾಕಲು ಹೆಸರು ದಾಖಲಾಗಿರುವ ಊರಿಗೇ ಹೋಗಬೇಕು. ಮುಂಗಡ ಎಣಿಸಿಕೊಂಡನೇ ಹೊರತು ಬಾಯಿ ಬಿಡಲಿಲ್ಲ. ಥಿಂಪುವಿನಲ್ಲಿ ನೋಡಿದರೆ ಟ್ಯಾಕ್ಸಿ ಚಾಲಕರೆಲ್ಲ ಊರಿಗೆ ಹೊರಟಿದ್ದಾರೆ, ಅಂಗಡಿಗಳ ಬಾಗಿಲು ಮುಚ್ಚಿದೆ, ನಮಗೆ ಗೊತ್ತುಮಾಡಿದ್ದ ವಾಹನದ ಸುಳಿವಿಲ್ಲ. ಚುನಾವಣೆಯ ವಾರದಲ್ಲಿ ಹೋಗುವವರು ಚಾಲಕನೊಂದಿಗೇ ನೇರವಾಗಿ ಮಾತಾಡಿಕೊಳ್ಳಿ. ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇರಲಿ. ನಾನು ನಮ್ಮೂರಿನ ಮತದಾರರ ಚೀಟಿ ತೋರಿಸಿಯೇ ಗಡಿಯಾಚೆಯ ಫುಂಟ್ಶೋಲಿಂಗ್ ದಾಟಿದ್ದು.

ಕೊನೆಗೆ ಕೈಹಿಡಿದವರು ಅತಿಥಿಗೃಹದ ಒಡತಿ. ಮಾರ್ಚ್ 24ರ ಬೆಳಗ್ಗೆ ಮತ ಹಾಕಲು ಪಾರೋ ಕಣಿವೆಯ ತಮ್ಮ ಹಳ್ಳಿಗೆ ಹೊರಟಿದ್ದರು. "ಇಲ್ಲಿದ್ದರೆ ಊಟ ಹಾಕುವವರಿಲ್ಲ, ಬಂದುಬಿಡಿ" ಎಂದು ಹಿಂದಿಯಲ್ಲಿ ಹೇಳಿ ಜೀಪು ಹತ್ತಿಸಿಕೊಂಡರು. ರೇಷ್ಮೆಯ ಕೀರಾ ಉಟ್ಟು, ಹೆಗಲಿಗೆ ರಾಚು ಎಂಬ ಶಾಲು ಹಾಕಿ, ದೇವಸ್ಥಾನಕ್ಕೆ ಹೊರಟವರಂತೆ ಸಿಂಗರಿಸಿಕೊಂಡಿದ್ದರೂ ಮುಖದಲ್ಲಿ ಗೆಲುವಿರಲಿಲ್ಲ.

"ನಮಗೆ ಇದು ಬೇಕಿರಲಿಲ್ಲ ಸರ್" ಎಂದರು, ಎರಡು ನದಿಗಳು ಕೂಡುವ ಛೂಜೋಮ್ ದಾಟುವಾಗ. "ಅರಸರಿದ್ದಾರಲ್ಲ, ಸಾಲದೇ?"

"ಹಾಗಾದರೆ ಯಾಕೆ ಹೋಗುತ್ತಿದ್ದೀರಿ ಅಮ್ಮ?"

"ಅರಸರು ಹೇಳಿದ್ದಾರೆ, ಅದಕ್ಕೆ."

ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಯಾರೂ ಕೇಳದೆಯೇ ಅಧಿಕಾರ ಬಿಟ್ಟುಕೊಡಲು ಹೊರಟವರು. 2006ರ ಡಿಸೆಂಬರಿನಲ್ಲಿ, 51ರ ವಯಸ್ಸಿನಲ್ಲಿ, ಮಗನಿಗೆ ಪಟ್ಟ ಬಿಟ್ಟರು. ಪಕ್ಷಗಳ ಚುನಾವಣೆಯನ್ನೇ ಕಾಣದ ಜನರಿಗೆ 2007ರಲ್ಲಿ ಅಣಕು ಮತದಾನ ಏರ್ಪಾಡಾಯಿತು. ನೀಲಿ, ಹಸಿರು, ಕೆಂಪು, ಹಳದಿ ಎಂಬ ಕಾಲ್ಪನಿಕ ಪಕ್ಷಗಳು. ಒಂದೊಂದಕ್ಕೂ ಒಂದು ಪ್ರಣಾಳಿಕೆ. ನೀವು ಯಾವುದಕ್ಕೆ ಹಾಕಿದಿರಿ ಎಂದೆ. "ಹಳದಿಗೆ. ಅದು ಅರಸರ ಬಣ್ಣ. ಬೇರೆಯದಕ್ಕೆ ಹೇಗೆ ಹಾಕುವುದು?" ಗೆದ್ದದ್ದೂ ಹಳದಿಯೇ.

ಅವರ ಅಂಜಿಕೆಗೆ ಒಂದು ಕಾರಣ ನಮ್ಮ ವಾರ್ತಾ ವಾಹಿನಿಗಳು. 1999ರವರೆಗೆ ಟಿವಿಯೇ ಇರದಿದ್ದ ದೇಶವದು. "ನಿಮ್ಮಲ್ಲಿ ಕುರ್ಚಿ ಎಸೆಯುತ್ತಾರೆ, ನೇಪಾಳದಲ್ಲಿ ಬಂದೂಕು ಹಿಡಿಯುತ್ತಾರೆ. ನಮ್ಮ ಹಳ್ಳಿಯಲ್ಲಿ ಈಗಲೇ ನಮ್ಮಕ್ಕ ಕುದುರೆಯ ಕಡೆ, ಭಾವ ಕೊಕ್ಕರೆಯ ಕಡೆ." ಕುದುರೆ ಪಿಡಿಪಿ (ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ) ಪಕ್ಷದ ಚಿಹ್ನೆ, ಮೂರು ಕೊಕ್ಕರೆ ಡಿಪಿಟಿ (ದ್ರುಕ್ ಫುಯೆನ್ಸುಮ್ ತ್ಶೋಗ್ಪಾ) ಪಕ್ಷದ್ದು. ಅವರ ತಮ್ಮ ಭಿಕ್ಷು. ಧರ್ಮ ರಾಜಕೀಯಕ್ಕಿಂತ ಮೇಲಿರಬೇಕೆಂದು ಭಿಕ್ಷುಗಳಿಗೆ ಮತವಿಲ್ಲ. "ಅವನೇ ಪುಣ್ಯವಂತ" ಎಂದು ನಕ್ಕರು.

ಭೂತಾನಿನಿಂದ ಹೊರಬಿದ್ದು ನೇಪಾಳದ ಶಿಬಿರಗಳಲ್ಲಿದ್ದ ಲಕ್ಷದಷ್ಟು ನೇಪಾಳಿ ಭಾಷಿಕ ನಿರಾಶ್ರಿತರ ಮಾತೆತ್ತಿದೆ. ಅವರಿಗೆಲ್ಲಿಯ ಮತ? ಆಕೆ ಕಿಟಕಿಯ ಕಡೆ ತಿರುಗಿ, "ಅದು ದೊಡ್ಡವರ ವಿಷಯ" ಎಂದು ಮುಗಿಸಿಬಿಟ್ಟರು. ಅಷ್ಟು ಹೊತ್ತು ಹರಿದ ಮಾತು ಅಲ್ಲಿ ನಿಂತದ್ದು ನನಗೆ ಇಷ್ಟವಾಗಲಿಲ್ಲ.

ಮತಗಟ್ಟೆಯ ಅಂಗಳದಾಚೆ ನಾನು ಕಾದೆ. ಘೋಷಣೆಯಿಲ್ಲ, ಧ್ವನಿವರ್ಧಕವಿಲ್ಲ, ಮುದುಕರು ಕೋಲೂರಿಕೊಂಡು ಸಾಲಿನಲ್ಲಿ. ಮತಯಂತ್ರ ನಮ್ಮ ದೇಶದಿಂದ ಹೋದದ್ದು. ಹೊರಬಂದ ಒಡತಿ "ಗುಂಡಿ ಒತ್ತಿದೆ, ಕಿರ್ ಎಂದಿತು, ಇಷ್ಟೇನಾ?" ಎಂದು ನನ್ನನ್ನೇ ಕೇಳಿದರು. ಇಷ್ಟೇ ಎಂದೆ.

ಅಕ್ಕನ ಮನೆಯಲ್ಲಿ ಕೊಟ್ಟ ಉಪ್ಪುಬೆಣ್ಣೆಯ ಚಹಾ ನನ್ನ ಗಂಟಲಿಗೆ ಒಗ್ಗಲಿಲ್ಲ. ಅದನ್ನು ಹೊಗಳುವ ಪ್ರವಾಸಿಗರನ್ನು ನಾನು ನಂಬುವುದಿಲ್ಲ. ಎಮಾ ದತ್ಸಿ ಮಾತ್ರ ಎರಡು ಸಲ ಹಾಕಿಸಿಕೊಂಡೆ: ಮೆಣಸಿನಕಾಯಿಯೇ ತರಕಾರಿ, ಮೇಲೆ ಗಿಣ್ಣು, ಕೆಂಪಕ್ಕಿಯ ಅನ್ನ. ಊಟಕ್ಕೆ ಕುದುರೆಯ ಅಕ್ಕ ಒಂದು ಮೂಲೆಯಲ್ಲಿ, ಕೊಕ್ಕರೆಯ ಭಾವ ಇನ್ನೊಂದರಲ್ಲಿ. ತಕ್ತ್‌ಸಾಂಗ್ ಮಠ ಹತ್ತಿದ್ದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ.

ಫಲಿತಾಂಶ ಬಂದಾಗ 47 ಸ್ಥಾನಗಳಲ್ಲಿ 45 ಕೊಕ್ಕರೆಗೆ. ಪಿಡಿಪಿಯ ನಾಯಕ ಸಾಂಗೆ ಎನ್‌ಗೆದುಪ್ ತಮ್ಮ ಕ್ಷೇತ್ರದಲ್ಲೇ ಸೋತಿದ್ದರು. "ಎಲ್ಲರೂ ಒಂದೇ ಕಡೆ ಹೋದರೆ ಜಗಳವಿಲ್ಲ" ಎಂದು ಒಡತಿ ಸಮಾಧಾನಪಟ್ಟುಕೊಂಡರು. ಆದರೆ ಪಿಡಿಪಿಯಿಂದ ಗೆದ್ದ ಇಬ್ಬರಲ್ಲಿ ಒಬ್ಬರಾದ ಹಾ ಜಿಲ್ಲೆಯ ತ್ಶೆರಿಂಗ್ ತೋಬ್ಗೆ ವಿರೋಧ ಪಕ್ಷದ ನಾಯಕರಾದರು. 2013ರಲ್ಲಿ ಅದೇ ಕುದುರೆ 32 ಸ್ಥಾನ ಗೆದ್ದು ಅವರು ಪ್ರಧಾನಿಯಾದರು. ಆ ಸಲ ಅಕ್ಕ ಭಾವನಿಗೆ ಏನೆಂದಿರಬಹುದು ಎಂದು ಒಬ್ಬನೇ ಕೂತು ನಕ್ಕಿದ್ದೇನೆ.