ಕೆಬೆಕ್‌ನಲ್ಲಿ ಮನೆತನದ ಮೂಲ ಹುಡುಕುವವರಿಗೆ: ಲೋವೆಲ್‌ನಿಂದ ಕಾಮುರಾಸ್ಕಾವರೆಗೆ

ಫ್ರೆಂಚ್ ಕೆನಡಾದ ಮೂಲದವರು ಮನೆತನ ಹುಡುಕಿಕೊಂಡು ಕೆನಡಾದ ಕೆಬೆಕ್ ಪ್ರಾಂತ್ಯಕ್ಕೆ ಹೊರಡುವಾಗ ಒಂದು ವಿಷಯ ತಿಳಿದಿರಲಿ. ಹಳೆಯ ಕಾಗದ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಮುಕ್ಕಾಲು ಪಾಲು ಮನೆಯಲ್ಲೇ ಕೂತು ಸಿಗುತ್ತದೆ. ಹೋಗಬೇಕಾದದ್ದು ಆ ಕಾಗದದಲ್ಲಿ ಬರುವ ಊರುಗಳನ್ನು ನೋಡುವುದಕ್ಕೆ. ಜೊತೆಗೆ, ಎಲ್ಲೋ ತುಂಡಾದ ಎಳೆಯನ್ನು ತಿಳಿದವರ ಮುಂದಿಟ್ಟು ಕೇಳುವುದಕ್ಕೆ. ಮನೆಪಾಠ ಮಾಡದೆ ಹೋದರೆ ರಜೆಯೆಲ್ಲ ಕಂಪ್ಯೂಟರ್ ಮುಂದೆಯೇ ಕಳೆದುಹೋಗುತ್ತದೆ.

ನಾವು ಹೋದದ್ದು ನನ್ನ ಅತ್ತೆಗೋಸ್ಕರ. ನನ್ನ ಗಂಡ ಮ್ಯಾಸಚೂಸೆಟ್ಸ್‌ನವನು. ಅವನ ತಾಯಿಯ ತವರು ಲೋವೆಲ್, ಬಟ್ಟೆ ಗಿರಣಿಗಳ ಊರು. 1840ರಿಂದ 1930ರವರೆಗೆ ಸುಮಾರು ಒಂಬತ್ತು ಲಕ್ಷ ಜನ ಕೆಬೆಕ್ ಕಡೆಯಿಂದ ಅಮೆರಿಕಕ್ಕೆ ಬಂದರು. ಅವರಲ್ಲಿ ಬಹಳಷ್ಟು ಮಂದಿ ಸೇರಿದ್ದು ಇಂಥ ಗಿರಣಿ ಊರುಗಳನ್ನೇ. ಅತ್ತೆಯ ತವರಿನ ಹೆಸರು ಕಿಂಗ್. ಮೊದಲು ಅದು 'ರ್ವಾ' ಆಗಿತ್ತು ಅನ್ನುವುದಷ್ಟೇ ಮನೆಯಲ್ಲಿ ಉಳಿದಿದ್ದ ಮಾಹಿತಿ. ಅಮೆರಿಕಕ್ಕೆ ಬಂದ ಮೇಲೆ ಹೆಸರಿನ ಅರ್ಥವನ್ನೇ ಇಂಗ್ಲಿಷ್‌ಗೆ ತಿರುಗಿಸಿಕೊಂಡು ಬ್ವಾವೇರ್ ಅನ್ನುವವರು ಗ್ರೀನ್‌ವುಡ್ ಆದರು, ಲೆಬ್ಲಾಂಕ್ ಅನ್ನುವವರು ವೈಟ್ ಆದರು. ಹಾಗಾಗಿ ನಿಮ್ಮ ಮನೆಯ ಹೆಸರು ಪಕ್ಕಾ ಇಂಗ್ಲಿಷ್ ಥರ ಕಂಡರೂ ಕೈಬಿಡಬೇಡಿ.

ಮೊದಲ ಕಷ್ಟ ಗಡಿ ದಾಟುವುದು. ಅಮೆರಿಕದ ಜನಗಣತಿಯಲ್ಲಿ ಹುಟ್ಟಿದ ಜಾಗ ಅಂತ ಸುಮ್ನೆ 'ಕೆನಡಾ' ಎಂದು ಬರೆದು ಬಿಟ್ಟಿರುತ್ತಾರೆ. ಯಾವ ಊರು, ಯಾವ ಚರ್ಚು, ಒಂದೂ ಇರುವುದಿಲ್ಲ. ಇದಕ್ಕೆ ಮದ್ದು ಅಮೆರಿಕದಲ್ಲೇ ಇದೆ. ಲೋವೆಲ್, ಮ್ಯಾಂಚೆಸ್ಟರ್, ವೂನ್‌ಸಾಕೆಟ್‌ನಂಥ ಊರುಗಳಲ್ಲಿ ವಲಸಿಗರು ತಮ್ಮದೇ ಫ್ರೆಂಚ್ ಚರ್ಚ್ ಕಟ್ಟಿಕೊಂಡಿದ್ದರು. ಅಲ್ಲಿನ ಪಾದ್ರಿಗಳು ಮದುವೆ ದಾಖಲೆಯನ್ನು ಕೆಬೆಕ್ ಪದ್ಧತಿಯಲ್ಲೇ ಬರೆಯುತ್ತಿದ್ದರು. ಅದರಲ್ಲಿ ತಂದೆ ತಾಯಿಯ ಹೆಸರು ಇರುತ್ತದೆ, ಅದೃಷ್ಟವಿದ್ದರೆ ಕೆಬೆಕ್‌ನ ಊರೂ ಇರುತ್ತದೆ. ಮ್ಯಾಂಚೆಸ್ಟರ್ ಮತ್ತು ವೂನ್‌ಸಾಕೆಟ್‌ನಲ್ಲಿ ಇದಕ್ಕೆಂದೇ ವಂಶಾವಳಿ ಸಂಘಗಳಿವೆ. ಲೋವೆಲ್‌ಗೆ ಹೋದರೆ ಬೂಟ್ ಕಾಟನ್ ಮಿಲ್ಸ್ ಮ್ಯೂಸಿಯಂಗೆ ಅರ್ಧ ದಿನ ಇಡಿ. ಮಗ್ಗಗಳನ್ನು ಇವತ್ತಿಗೂ ಓಡಿಸಿ ತೋರಿಸುತ್ತಾರೆ. ಆ ಸದ್ದಿನಲ್ಲಿ ಐದು ನಿಮಿಷ ನಿಂತರೆ ಅತ್ತೆಯ ಅಜ್ಜಿಗೆ ಕಿವಿ ಯಾಕೆ ಕೇಳಿಸುತ್ತಿರಲಿಲ್ಲ ಅಂತ ಗೊತ್ತಾಗುತ್ತದೆ.

ಕೆಬೆಕ್‌ನ ಒಂದು ಊರು ಸಿಕ್ಕಿತು ಅಂದರೆ ಮುಂದೆ ದಾರಿ ಸಲೀಸು. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ತಲೆಮಾರುಗಳನ್ನು ಹೇಳುತ್ತಿದ್ದರಲ್ಲ, ಆ ಕೆಲಸವನ್ನು ಇಲ್ಲಿ ಚರ್ಚಿನ ಪಾದ್ರಿಗಳು ಬರೆದೇ ಮಾಡಿದ್ದಾರೆ. ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು, ಮೂರಕ್ಕೂ ದಾಖಲೆ ಇದೆ. ಪುಸ್ತಕದ ಎರಡು ಪ್ರತಿ ಮಾಡಿ ಒಂದನ್ನು ಚರ್ಚಿನಲ್ಲಿ ಇಟ್ಟುಕೊಂಡು ಇನ್ನೊಂದನ್ನು ಸರ್ಕಾರಕ್ಕೆ ಕೊಡುತ್ತಿದ್ದರು. ಹಾಗಾಗಿ ಚರ್ಚಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿದುಕೊಂಡಿದೆ.

ಈ ಮೂರರಲ್ಲಿ ಹಿಡಿಯಬೇಕಾದದ್ದು ಮದುವೆಯನ್ನು. ಮದುವೆ ದಾಖಲೆಯಲ್ಲಿ ಗಂಡು ಹೆಣ್ಣು ಇಬ್ಬರ ತಂದೆ ತಾಯಿಯ ಹೆಸರೂ ಇರುತ್ತದೆ, ತಾಯಿಯದು ತವರಿನ ಹೆಸರಿನ ಸಮೇತ. ಆ ತಂದೆ ತಾಯಿಯ ಮದುವೆ ಹುಡುಕಿ. ಅದರಲ್ಲಿ ಅವರ ತಂದೆ ತಾಯಿ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ 1600ರ ದಶಕಗಳವರೆಗೆ ಹೋಗಬಹುದು. ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಿನ ಚರ್ಚಿನಲ್ಲಿ ಆಗುತ್ತಿತ್ತು, ಗಂಡಿನ ಊರಿನಲ್ಲಿ ಹುಡುಕಿ ಸುಸ್ತಾಗಬೇಡಿ. ಈಸ್ಟರ್ ಮತ್ತು ಕ್ರಿಸ್‌ಮಸ್‌ಗೆ ಮುಂಚಿನ ವ್ರತದ ವಾರಗಳಲ್ಲಿ ಮದುವೆ ಮಾಡುತ್ತಿರಲಿಲ್ಲ. ಹೊಲದ ಕೆಲಸವೂ ಇರುತ್ತಿತ್ತು. ಆದ್ದರಿಂದ ಜನವರಿ, ಫೆಬ್ರವರಿ, ನವೆಂಬರ್ ಪುಟಗಳನ್ನು ಮೊದಲು ತಿರುವಿ. ಒಂದು ವೇಳೆ ಎರಡನೇ ಮದುವೆಯಾದರೆ ತಂದೆ ತಾಯಿಯ ಹೆಸರು ಇರದೆ, ತೀರಿಕೊಂಡ ಗಂಡನ ಅಥವಾ ಹೆಂಡತಿಯ ಹೆಸರು ಮಾತ್ರ ಇರುತ್ತದೆ. ಆಗ ಮೊದಲ ಮದುವೆಗೆ ಹೋಗಬೇಕು.

ಹೊಸಬರನ್ನು ದಾರಿ ತಪ್ಪಿಸುವುದು ಹೆಸರುಗಳು. ಗಂಡು ಮಕ್ಕಳಿಗೆಲ್ಲ ಜೋಸೆಫ್, ಹೆಣ್ಣು ಮಕ್ಕಳಿಗೆಲ್ಲ ಮರಿ (ಮೇರಿಯ ಫ್ರೆಂಚ್ ರೂಪ) ಅಂತ ಮುಂದೆ ಸೇರಿಸುವ ರೂಢಿ ಇತ್ತು. ಕರೆಯುವ ಹೆಸರು ಅದರ ನಂತರದ್ದು. ಇನ್ನು ಮನೆತನಕ್ಕೆ ಎರಡೆರಡು ಹೆಸರು. 'ರ್ವಾ ದಿ ದೆಜಾರ್ದೆ' ಅಂದರೆ ದೆಜಾರ್ದೆ ಅಂತ ಕರೆಸಿಕೊಳ್ಳುವ ರ್ವಾ. ಸೈನಿಕರಿಗೆ ಇಟ್ಟ ಅಡ್ಡಹೆಸರುಗಳು ಹೀಗೆ ಅಂಟಿಕೊಂಡವು. ಮುಂದಿನ ತಲೆಮಾರುಗಳಲ್ಲಿ ಒಬ್ಬ ಮಗ ರ್ವಾ ಆಗಿ ಉಳಿದ, ಇನ್ನೊಬ್ಬ ದೆಜಾರ್ದೆ ಆದ. ಎರಡನ್ನೂ ಹುಡುಕದೇ ಹೋದರೆ ಅರ್ಧ ನೆಂಟರು ಕಳೆದುಹೋಗುತ್ತಾರೆ.

ಎಲ್ಲಿ ಹುಡುಕುವುದು? ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟಿನಲ್ಲಿ ಕೆಬೆಕ್‌ನ ಚರ್ಚ್ ಪುಸ್ತಕಗಳ ಚಿತ್ರಗಳು ಪುಕ್ಕಟೆ ಇವೆ. ದ್ರುವೆ (Drouin) ಅನ್ನುವ ವಂಶಾವಳಿ ಸಂಸ್ಥೆ 1940ರ ದಶಕದಲ್ಲಿ ಮೈಕ್ರೋಫಿಲ್ಮ್ ಮಾಡಿದ ಸಂಗ್ರಹ ಆನ್‌ಲೈನ್‌ನಲ್ಲಿ ಇದೆ, ಅದಕ್ಕೆ ಚಂದಾ ಕಟ್ಟಬೇಕು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಿಆರ್‌ಡಿಎಚ್ ಅನ್ನುವ ಯೋಜನೆ 1966ರಲ್ಲಿ ಶುರುವಾಯಿತು. ಅದು ಹಳೆಯ ದಾಖಲೆಗಳನ್ನು ಕುಟುಂಬವಾರು ಜೋಡಿಸಿಟ್ಟಿದೆ. ನನಗೆ ಕೇಳಿದರೆ ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ. ಯಾರೋ ಹಾಕಿದ ವಂಶವೃಕ್ಷವನ್ನು ನಕಲು ಮಾಡಿಕೊಂಡು ಖುಷಿಪಡುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಪ್ರಯಾಣ. ಜೂನ್‌ನಿಂದ ಅಕ್ಟೋಬರ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಆಮೇಲೆ ಹಳ್ಳಿ ಕಡೆಯ ಸಣ್ಣ ಮ್ಯೂಸಿಯಂಗಳು ಬಾಗಿಲು ಹಾಕುತ್ತವೆ. ಜೂನ್ 24 ಮತ್ತು ಜುಲೈ 1 ರಜೆ. ಜುಲೈ ಕೊನೆಯ ಎರಡು ವಾರ ಕಟ್ಟಡ ಕೆಲಸದವರಿಗೆಲ್ಲ ಒಟ್ಟಿಗೇ ರಜೆ. ಆಗ ಇಡೀ ಕೆಬೆಕ್ ರಸ್ತೆಯ ಮೇಲಿರುತ್ತದೆ, ಹೋಟೆಲ್ ಬೆಲೆಯೂ ಜಾಸ್ತಿ. ನನ್ನ ಹಾಗೆ ಭಾರತದ ಪಾಸ್‌ಪೋರ್ಟ್ ಇದ್ದು ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾ ವಿಸಾ ಬೇಡ, ಎರಡನ್ನೂ ಜೊತೆಗೆ ಇಟ್ಟುಕೊಂಡರೆ ಸಾಕು. ಎಚ್-1ಬಿ ಮೇಲಿರುವವರಿಗೆ ವಿಸಾ ಬೇಕು, ಮೊದಲೇ ಅರ್ಜಿ ಹಾಕಿ. ಕಾರಿನಲ್ಲಿ ಹೋಗುವವರು ಗಮನಿಸಿ: ಮಾಂಟ್ರಿಯಲ್ ದ್ವೀಪದಲ್ಲಿ ಕೆಂಪು ದೀಪ ಇರುವಾಗ ಬಲಕ್ಕೆ ತಿರುಗುವ ಹಾಗಿಲ್ಲ.

ಮಾಂಟ್ರಿಯಲ್‌ನಲ್ಲಿ ಎರಡು ಜಾಗ ಮುಖ್ಯ. ಒಂದು, ವಿಜೆ ಬೀದಿಯಲ್ಲಿರುವ ಕೆಬೆಕ್ ರಾಷ್ಟ್ರೀಯ ಪತ್ರಾಗಾರ. ಪ್ರವೇಶ ಪುಕ್ಕಟೆ. ಬ್ಯಾಗ್ ಲಾಕರ್‌ನಲ್ಲಿಟ್ಟು ಪೆನ್ಸಿಲ್ ಹಿಡಿದು ಒಳಗೆ ಹೋಗಬೇಕು. ಇನ್ನೊಂದು, 1943ರಲ್ಲಿ ಶುರುವಾದ ಫ್ರೆಂಚ್ ಕೆನಡಿಯನ್ ವಂಶಾವಳಿ ಸಂಘದ ಗ್ರಂಥಾಲಯ, ಡೇವಿಡ್‌ಸನ್ ಬೀದಿಯಲ್ಲಿದೆ. ಅಲ್ಲಿ ಸ್ವಯಂಸೇವಕರು ಕೂತಿರುತ್ತಾರೆ, ಹೆಚ್ಚಿನವರು ನಿವೃತ್ತರು. ಅವರ ಕಣ್ಣಿನ ಪಳಗುವಿಕೆ ನೋಡಬೇಕು. ನಾವು ತಿಂಗಳುಗಟ್ಟಲೆ ಓದಲಾಗದೆ ಬಿಟ್ಟಿದ್ದ ಒಂದು ಪುಟವನ್ನು ಅತ್ತೆ ಒಬ್ಬ ಸ್ವಯಂಸೇವಕಿಯ ಮುಂದಿಟ್ಟರು. ಹಿಂದಿನ ಪುಟದ ಶಾಯಿ ಒಡೆದು ಮುಂದಿನ ಅಕ್ಷರಗಳ ಮೇಲೆ ಬಂದಿತ್ತು. ಆ ಹೆಂಗಸು ಅಕ್ಷರ ಓದಲೇ ಇಲ್ಲ, ಮೊದಲು ಅಂಚು ನೋಡಿದರು. ಅಂಚಿನಲ್ಲಿ 'ಬಿ' ಇದ್ದರೆ ಜ್ಞಾನಸ್ನಾನ, 'ಎಂ' ಇದ್ದರೆ ಮದುವೆ, 'ಎಸ್' ಇದ್ದರೆ ಸಮಾಧಿ. ಆಮೇಲೆ ಕೆಳಗಿನ ಸಾಲಿಗೆ ಹೋದರು: ವಧೂವರರು ಸಹಿ ಹಾಕಲು ಬರುವುದಿಲ್ಲ ಎಂದು ಹೇಳಿದ್ದಾರೆ. ಮಧ್ಯದ ಮಾತುಗಳೆಲ್ಲ ಪ್ರತಿ ದಾಖಲೆಯಲ್ಲೂ ಒಂದೇ. ಮೂರು ಸಲ ಮದುವೆಯ ಪ್ರಕಟಣೆ ಆಗಿದೆ, ಅಡ್ಡಿ ಯಾವುದೂ ಬಂದಿಲ್ಲ, ಹೀಗೆ. ಆ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡರೆ ಉಳಿಯುವುದು ಹೆಸರು, ಊರು, ದಿನಾಂಕ ಮಾತ್ರ. ಫ್ರೆಂಚ್ ಬಾರದವರಿಗೂ ಅಷ್ಟು ಸಾಧ್ಯ.

ಅದೇ ಪುಟದಲ್ಲಿ ನಮ್ಮ ಕಣ್ಣಿಗೆ ಬೀಳದ ಒಂದು ಮಾತು ಅವರಿಗೆ ಕಂಡಿತು. ರಕ್ತಸಂಬಂಧದ ಅಡ್ಡಿಗೆ ಬಿಷಪ್ ಕೊಟ್ಟ ವಿನಾಯಿತಿ. ಅಂದರೆ ಗಂಡು ಹೆಣ್ಣು ದೂರದ ನೆಂಟರು. ಇದು ಸಿಕ್ಕಿದರೆ ಬಿಡಬೇಡಿ, ಎರಡು ಕವಲು ಮೇಲೆ ಎಲ್ಲಿ ಸೇರುತ್ತವೆ ಅನ್ನುವ ಸುಳಿವು ಅದು. ಫ್ರೆಂಚ್ ಕೆನಡಾದಲ್ಲಿ ಕೆಲವೇ ಸಾವಿರ ಜನರಿಂದ ಇಡೀ ಸಮಾಜ ಬೆಳೆದಿದೆ. ಜಕಾರಿ ಕ್ಲೂತಿಯೆ ಅನ್ನುವ ಬಡಗಿ 1634ರಲ್ಲಿ ಬಂದ. ಸಹಿ ಬಾರದ ಕಾರಣ ಕಾಗದದ ಮೇಲೆ ಕೊಡಲಿಯ ಗುರುತು ಬರೆಯುತ್ತಿದ್ದ. ಪಿಆರ್‌ಡಿಎಚ್ ಲೆಕ್ಕದಲ್ಲಿ 1800ರ ಹೊತ್ತಿಗೆ ಅವನ ಸಂತತಿ 10,850. ನಿಮ್ಮ ವೃಕ್ಷದಲ್ಲೂ ಅವನು ಬಂದರೆ ಆಶ್ಚರ್ಯ ಪಡಬೇಡಿ, ನಮ್ಮದರಲ್ಲಿ ಎರಡು ಕಡೆ ಇದ್ದಾನೆ.

ಅತ್ತೆಯ ಎಳೆ ಹೋಗಿ ಮುಟ್ಟಿದ್ದು ಆಂತ್ವಾನ್ ರ್ವಾ ದಿ ದೆಜಾರ್ದೆ ಅನ್ನುವವನಿಗೆ. ಪೀಪಾಯಿ ಮಾಡುವವನು, 1665ರಲ್ಲಿ ಬಂದ ಕಾರಿನ್ಯಾನ್-ಸಾಲಿಯೆರ್ ಎಂಬ ಫ್ರೆಂಚ್ ರೆಜಿಮೆಂಟಿನ ಸೈನಿಕ. 1668ರಲ್ಲಿ ಕೆಬೆಕ್ ನಗರದಲ್ಲಿ ಮರಿ ಮಾಜೋರ್ ಎಂಬ ನಾರ್ಮಂಡಿಯ ಹೆಣ್ಣನ್ನು ಮದುವೆಯಾದ. ಫ್ರಾನ್ಸಿನ ದೊರೆ 1663ರಿಂದ 1673ರವರೆಗೆ ಇಲ್ಲಿನ ವಲಸಿಗರನ್ನು ಮದುವೆಯಾಗಲೆಂದು ದಾರಿಖರ್ಚು ಕೊಟ್ಟು ಕಳಿಸಿದ ಎಂಟುನೂರರ ಆಸುಪಾಸು ಹೆಣ್ಣುಮಕ್ಕಳಲ್ಲಿ ಅವಳೂ ಒಬ್ಬಳು. ಇಷ್ಟು ಕೇಳಿದ ಅತ್ತೆ ಹಿಗ್ಗಿ ಹೋದರು. ಮುಂದಿನ ಸಂಗತಿ ಅಷ್ಟು ಚೆನ್ನಾಗಿಲ್ಲ. 1684ರಲ್ಲಿ ಮಾಂಟ್ರಿಯಲ್ ಪಕ್ಕದ ಲಾಶೀನ್‌ನಲ್ಲಿ, ಬೇರೊಬ್ಬನ ಹೆಂಡತಿಯ ಜೊತೆ ಸಿಕ್ಕಿಬಿದ್ದು, ಆ ಗಂಡನ ಕೈಯಲ್ಲಿ ಆಂತ್ವಾನ್ ಕೊಲೆಯಾದ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ನನ್ನ ಅಕ್ಕನಿಗೆ ಫೋನ್ ಮಾಡಿ ಹೇಳಲೇಬೇಕು" ಅಂದರು. ಮನೆತನ ಹುಡುಕುವವರು ಇದಕ್ಕೂ ತಯಾರಿರಬೇಕು ಅಲ್ವಾ? ಸಾಧು ಜನ ಸದ್ದಿಲ್ಲದೆ ಬದುಕಿ ಸತ್ತರೆ ಮೂರು ಸಾಲಿನ ದಾಖಲೆ. ಕೋರ್ಟು ಮೆಟ್ಟಿಲು ಹತ್ತಿದವರದ್ದೇ ಪೂರ್ತಿ ಕಥೆ ಸಿಗುವುದು.

ಮಾಂಟ್ರಿಯಲ್‌ನಿಂದ ಕೆಬೆಕ್ ನಗರಕ್ಕೆ ಸುಮಾರು 250 ಕಿಲೋಮೀಟರ್. ಹೆದ್ದಾರಿ ಬಿಟ್ಟು ನದಿ ಪಕ್ಕದ 138ನೇ ರಸ್ತೆ ಹಿಡಿಯಿರಿ. 1737ರಲ್ಲಿ ಮುಗಿದ ರಾಜಮಾರ್ಗ ಅದು. ದಾರಿಯಲ್ಲಿ ಸಿಗುವ ಬಾತಿಸ್ಕಾನ್‌ನಲ್ಲಿ ಆಂತ್ವಾನ್‌ಗೆ ಜಮೀನಿತ್ತು. ಕೆಬೆಕ್ ನಗರದಲ್ಲಿ ನೋತ್ರ್-ದಾಮ್ ಚರ್ಚಿಗೆ ಹೋಗಿ, ಆದರೆ ಪೂರ್ವಿಕರು ಮದುವೆಯಾದ ಕಟ್ಟಡ ಅದೇ ಅಂದುಕೊಳ್ಳಬೇಡಿ. 1759ರ ಮುತ್ತಿಗೆಯಲ್ಲಿ ಹಾಳಾಗಿ, 1922ರಲ್ಲಿ ಸುಟ್ಟು, ಮತ್ತೆ ಕಟ್ಟಿದ್ದು. ಜಾಗ ಮಾತ್ರ ಅದೇ. ಸಮಯ ಇದ್ದರೆ ಒರ್ಲೆಯಾನ್ ದ್ವೀಪಕ್ಕೆ ಅರ್ಧ ದಿನ ಇಡಿ, ಸೇಂಟ್ ಫಾಮೀಯ್ ಹಳ್ಳಿಯಲ್ಲಿ ಪೂರ್ವಿಕರ ಮನೆ ಅನ್ನುವ ಕೇಂದ್ರವಿದೆ.

ನನಗೆ ಇಡೀ ಪ್ರವಾಸದಲ್ಲಿ ಸಾರ್ಥಕ ಅನ್ನಿಸಿದ್ದು ಕಾಮುರಾಸ್ಕಾ. ಕೆಬೆಕ್ ನಗರದಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್, ನದಿಯ ದಕ್ಷಿಣ ದಡ. ಆಂತ್ವಾನ್‌ನ ಒಬ್ಬನೇ ಮಗ ಪಿಯೆರ್ ಈ ಕಡೆ ಬಂದು ನೆಲೆಸಿದ. ಇಲ್ಲಿ 132ನೇ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ, ಹೊಲಗಳನ್ನು ನೋಡಿ. ಒಂದೊಂದೂ ನದಿಯಿಂದ ಗುಡ್ಡದ ಕಡೆ ಉದ್ದಕ್ಕೆ ಹೋಗುವ ಪಟ್ಟಿ. ಮೂರು ಆರ್ಪಾಂ ಅಗಲ, ಅಂದರೆ ಸುಮಾರು 175 ಮೀಟರ್. ಉದ್ದ ಅದರ ಹತ್ತರಷ್ಟು, ಇನ್ನೂ ಜಾಸ್ತಿಯೂ ಇರುತ್ತಿತ್ತು. ಎಲ್ಲರಿಗೂ ನದಿ ಬೇಕು, ಅದೇ ಆಗಿನ ರಸ್ತೆ. ಮನೆಗಳೆಲ್ಲ ದಡದ ಸಾಲಿನಲ್ಲಿ ಹತ್ತಿರ ಹತ್ತಿರ. ದಾಖಲೆಗಳಲ್ಲಿ ಪಕ್ಕದ ಮನೆಯವರ ಹೆಸರುಗಳೇ ಯಾಕೆ ಮತ್ತೆ ಮತ್ತೆ ಬೀಗರಾಗಿ, ಸಾಕ್ಷಿಗಳಾಗಿ ಬರುತ್ತವೆ ಅನ್ನುವುದು ನನಗೆ ಅಲ್ಲಿ ಅರ್ಥವಾಯಿತು. ಮಕ್ಕಳು ಜಾಸ್ತಿಯಾಗಿ ಪಟ್ಟಿಯನ್ನು ಇನ್ನು ಸೀಳಲಾಗದು ಅಂದಾಗ ಕಿರಿಯರು ಗಿರಣಿಗೆ ಹೊರಟರು. ಲೋವೆಲ್‌ನ ಕಾರಣ ಈ ಹೊಲದಲ್ಲಿದೆ.

ಹಳೆಯ ಸಮಾಧಿ ಕಲ್ಲು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆಗ ನೆಡುತ್ತಿದ್ದದ್ದು ಮರದ ಶಿಲುಬೆ, ಅದೆಲ್ಲ ಮಣ್ಣಾಗಿದೆ. ಕಾಮುರಾಸ್ಕಾ ಹಳ್ಳಿಯಿಂದ ಸ್ವಲ್ಪ ಆಚೆ, ಮೊದಲ ಚರ್ಚುಗಳಿದ್ದ ಜಾಗದಲ್ಲಿ ಒಂದು ಸ್ಮಾರಕವಿದೆ, ಊರಿನವರು 'ತೊಟ್ಟಿಲು' ಅನ್ನುತ್ತಾರೆ. ನಮ್ಮ ಪಾಲಿಗೆ ಸಿಕ್ಕಿದ ಸಮಾಧಿ ಅದೇ. ಇಲ್ಲಿ ಇಂಗ್ಲಿಷ್ ಕಡಿಮೆ. ಮೊದಲು ಬೋಂಜೂರ್ ಅನ್ನಿ, ಆಮೇಲೆ ಫೋನಿನಲ್ಲಿ ಅನುವಾದ ತೋರಿಸಿ. ಮನೆತನದ ಹೆಸರು ಹೇಳಿದ ಕೂಡಲೇ ಬೇಕರಿಯವಳು ತಾನೂ ದೆಜಾರ್ದೆ ಅಂದಳು, ಸಾಲು ನಿಂತವರಲ್ಲಿ ಇನ್ನೊಬ್ಬರು ತಮ್ಮ ಅಜ್ಜಿ ರ್ವಾ ಅಂದರು. ನಮ್ಮ ಹಿಂದೆ ಸಾಲು ಬೆಳೆಯುತ್ತಲೇ ಇತ್ತು, ಯಾರೂ ಗೊಣಗಲಿಲ್ಲ.

ಹತ್ತಿರದ ಲಾ ಪೊಕಾತಿಯೆರ್‌ನಲ್ಲಿ ಈ ದಡದ ಪತ್ರಾಗಾರವಿದೆ. ಹೋಗುವ ಮೊದಲು ಇಮೇಲ್ ಬರೆದು ಸಮಯ ಕೇಳಿಕೊಳ್ಳಿ. ಅಲ್ಲಿ ಚರ್ಚ್ ಪುಸ್ತಕ ಕೇಳಬೇಡಿ, ಊರಿನ ಮನೆತನಗಳ ಬಗ್ಗೆ ಇರುವ ಫೋಟೋ, ಪತ್ರ ಕೇಳಿ. ನೋಟರಿಗಳ ಕಾಗದ ಬೇಕಾದರೆ ರಾಷ್ಟ್ರೀಯ ಪತ್ರಾಗಾರದ ಸಂಗ್ರಹ ನೋಡಿ. ಮದುವೆ ಒಪ್ಪಂದ, ಸತ್ತವರ ಮನೆಯ ಸಾಮಾನುಪಟ್ಟಿ ಎಲ್ಲ ಅಲ್ಲೇ. ಹಸು ಎಷ್ಟು, ಕಬ್ಬಿಣದ ಪಾತ್ರೆ ಎಷ್ಟು, ಸಾಲ ಯಾರಿಗೆ, ಎಲ್ಲವೂ ಆ ಪಟ್ಟಿಯಲ್ಲಿರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಪೂಟಿನ್ ಅಂದರೆ ಆಲೂಗಡ್ಡೆ, ಚೀಸ್ ಅಂತ ನಂಬಿ ತಿನ್ನಬೇಡಿ, ಮೇಲೆ ಸುರಿಯುವ ಸಾಸ್ ಸಾಮಾನ್ಯವಾಗಿ ಮಾಂಸದ್ದು. ಬಟಾಣಿ ಸೂಪಿನಲ್ಲೂ ಹಂದಿಮಾಂಸ ಇರುತ್ತದೆ. ಬ್ರೆಡ್ಡು, ಚೀಸು, ಸಕ್ಕರೆ ಪೈ ಮೇಲೆ ನಾನು ಬದುಕಿದೆ. ಹಳ್ಳಿ ಕಡೆ ಹೋಗುವಾಗ ಕಾರಿನಲ್ಲಿ ಅವಲಕ್ಕಿ, ಚಟ್ನಿಪುಡಿ ಇರಲಿ. ವಾಪಸ್ ಬರುವಾಗ ಮೇನ್ ರಾಜ್ಯದ ಜಾಕ್‌ಮನ್ ಮೇಲೆ ಬರುವ 201ನೇ ರಸ್ತೆ ಹತ್ತಿರ, ಚೆಂದವೂ ಹೌದು. ಆದರೆ ಕಾಡಿನ ರಸ್ತೆ, ಕತ್ತಲಾದ ಮೇಲೆ ಮೂಸ್ ಅನ್ನುವ ದೊಡ್ಡ ಜಿಂಕೆಗಳು ಅಡ್ಡ ಬರುತ್ತವೆ. ಬೆಳಕಿರುವಾಗಲೇ ದಾಟಿಬಿಡಿ.