ಎನ್170 ಅಳೆಯುವಾಗ ಕೈಕೊಡುವ ಸಂಗತಿಗಳು

ಸ್ಕಿಜೋಫ್ರೇನಿಯಾ ಇರುವವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಆ ಕಾಯಿಲೆ ಬರುವ ಸಂಭವ ನೂರಕ್ಕೆ ಸುಮಾರು 10. ಉಳಿದ ಜನರಲ್ಲಿ ಸುಮಾರು 1. ಮುಖ ನೋಡಿ ಭಾವ ಗುರುತಿಸುವುದರಲ್ಲಿ ಈ ಸಂಬಂಧಿಕರು ಸರಾಸರಿಯಲ್ಲಿ ರೋಗಿಗಳಿಗೂ ಉಳಿದವರಿಗೂ ನಡುವೆ ಬರುತ್ತಾರೆ. ಮುಖ ಕಂಡಾಗ ಮಿದುಳಿನಲ್ಲಿ ಏಳುವ ಎನ್170 ಎಂಬ ಅಲೆಯಲ್ಲೂ ಅಂಥ ವ್ಯತ್ಯಾಸ ಇದೆಯೇ ಎಂದು ನೋಡುವಾಗ, ಹುಡುಕುವ ವ್ಯತ್ಯಾಸವೇ ಸಣ್ಣದು, ಹಾಗಾಗಿ ತಲೆಗೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಲ್ಯಾಬಿನಲ್ಲಿ ಸ್ವಲ್ಪ ಅಸಡ್ಡೆ ಮಾಡಿದರೂ ಅದು ಕಾಣೆಯಾಗುತ್ತದೆ, ಇಲ್ಲವೇ ಇಲ್ಲದ್ದು ಕಾಣಿಸುತ್ತದೆ.

ಮೊದಲು ಕಾಟ ಕೊಡುವುದು ತಲೆಗೆ ಹಚ್ಚಿದ ಎಣ್ಣೆ. ಹಿಂದಿನ ರಾತ್ರಿಯೇ ಶಾಂಪೂ ಹಾಕಿ ತೊಳೆದು, ಎಣ್ಣೆ, ಕಂಡೀಷನರ್ ಎರಡೂ ಇಲ್ಲದೆ ಬರಲು ಫೋನಿನಲ್ಲಿ ಹೇಳಿಬಿಡಿ. ಇಂಪೀಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗಿಳಿಯದಿದ್ದರೆ ಮತ್ತಷ್ಟು ಜೆಲ್ ಸುರಿಯಬೇಡಿ. ಪಕ್ಕದ ಎಲೆಕ್ಟ್ರೋಡ್‌ನ ಜೆಲ್‌ಗೆ ಕೂಡಿಕೊಂಡರೆ ಎರಡೂ ಒಂದೇ ಸಿಗ್ನಲ್ ತೋರಿಸುತ್ತವೆ. ಕೂದಲು ಸರಿಸಿ ಚರ್ಮವನ್ನು ಮೆಲ್ಲಗೆ ಉಜ್ಜಿದರೆ ಸಾಕು.

ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ತಲೆಯ ಹಿಂಬದಿಯ ಎಡ-ಬಲ ಪಕ್ಕದ ಎಲೆಕ್ಟ್ರೋಡ್‌ಗಳಾದ ಪಿ7, ಪಿ8 ಸುತ್ತ ಮೂಡುವ ಋಣ ಅಲೆಯೇ ಎನ್170. ರೆಫರೆನ್ಸನ್ನು (ಉಳಿದವುಗಳಿಂದ ಯಾವುದರ ಸಿಗ್ನಲ್ ಕಳೆಯುತ್ತೇವೋ ಆ ಎಲೆಕ್ಟ್ರೋಡನ್ನು) ಕಿವಿಯ ಹಿಂದಿನ ಮೂಳೆಯ ಮೇಲೆ ಇಟ್ಟರೆ ಈ ಅಲೆ ಕುಗ್ಗುತ್ತದೆ. ಅದೇ ಅಲೆ ಅಲ್ಲಿಗೂ ತಲುಪಿರುವುದರಿಂದ ಕಳೆಯುವಾಗ ಸಿಗ್ನಲ್ಲೂ ಹೋಗುತ್ತದೆ. 64 ಚಾನೆಲ್ (ಎಲೆಕ್ಟ್ರೋಡ್) ಇದ್ದರೆ ಎಲ್ಲದರ ಸರಾಸರಿಯನ್ನೇ ರೆಫರೆನ್ಸ್ ಮಾಡಿಕೊಳ್ಳಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್, ಚಿತ್ರ ಮೂಡುವುದು ಅಷ್ಟು ತಡವಾಗಬಹುದು. ಚಿತ್ರ ತೋರಿಸಿದೆ ಎಂದು ಕಂಪ್ಯೂಟರ್ ಕಳಿಸುವ ಗುರುತನ್ನು (ಟ್ರಿಗರ್) ನಂಬದೆ, ಪರದೆಯ ಮೂಲೆಗೆ ಬೆಳಕು ಗುರುತಿಸುವ ಫೋಟೋಡಯೋಡ್ ಅಂಟಿಸಿ ಚಿತ್ರ ನಿಜಕ್ಕೂ ಮೂಡಿದ ಹೊತ್ತು ನೋಡಿ. ತಡ ಒಂದೇ ಸಮನಾಗಿದ್ದರೆ ಲೆಕ್ಕದಲ್ಲಿ ಕಳೆಯಬಹುದು. ಸಲಕ್ಕೊಂದು ಥರ ಇದ್ದರೆ ಸರಾಸರಿ ಅಲೆ ಚಪ್ಪಟೆಯಾಗುತ್ತದೆ, ಒಂದೇ ಸಂಖ್ಯೆ ಕಳೆದು ಅದನ್ನು ಸರಿಪಡಿಸಲಾಗದು.

ಚಿತ್ರಗಳಿಗೆ ನಿಮ್ಹಾನ್ಸ್ ರೂಪಿಸಿದ ಟ್ರೆಂಡ್ಸ್ ಎಂಬ ಸಂಗ್ರಹ ಇದೆ, ಮುಖಗಳು ನಮ್ಮ ದೇಶದವರವೇ. ಯಾವುದನ್ನು ಬಳಸಿದರೂ ಬೆಳಕು, ಕಾಂಟ್ರಾಸ್ಟ್ ಸಮ ಮಾಡಿ. ನಗುವ ಮುಖದ ಬಿಳಿ ಹಲ್ಲು ಕೂಡ ಅಲೆ ಬದಲಿಸೀತು. ಭಾವ ಯಾವುದೆಂದು ಕೇಳುವ ಸುತ್ತಿನ ಜೊತೆಗೆ, ಅದೇ ಮುಖಗಳನ್ನು ತೋರಿಸಿ ಗಂಡೋ ಹೆಣ್ಣೋ ಎಂದು ಕೇಳುವ ಸುತ್ತು ಇರಲೇಬೇಕು. ಅಲ್ಲೂ ತಪ್ಪು ಹೆಚ್ಚಿದರೆ ತೊಂದರೆ ಭಾವಕ್ಕೆ ಮಾತ್ರ ಸೇರಿದ್ದಲ್ಲ, ಗಮನದ್ದೋ ಮುಖ ನೋಡುವುದರದ್ದೋ ಇರಬಹುದು.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಲೆಕ್ಕದಲ್ಲಿ. ಮುಖ ತೋರಿಸಿದಾಗ ಕಣ್ಣು ಮಿಟುಕಿಸಿದ ಸಲಗಳನ್ನು ತೆಗೆದ ಮೇಲೆ ಒಂದು ಗುಂಪಿಗೆ ಕಡಿಮೆ ಸಲಗಳು ಉಳಿದರೆ, ಗದ್ದಲದಿಂದಲೇ ಅದರ ತುದಿ ಎತ್ತರವಾಗಿ ಕಾಣುತ್ತದೆ. ತುದಿಯ ಬದಲು 150ರಿಂದ 190 ಮಿಲಿಸೆಕೆಂಡಿನ ಸರಾಸರಿ ತೆಗೆದುಕೊಳ್ಳಿ. ಒಂದೇ ಮನೆಯ ಅಕ್ಕ-ತಮ್ಮನನ್ನು ಬೇರೆ ಬೇರೆ ಎಂದು ಎಣಿಸದೆ, ಲೆಕ್ಕದ ಮಾದರಿಯಲ್ಲಿ (ಸ್ಟ್ಯಾಟಿಸ್ಟಿಕಲ್ ಮಾಡೆಲ್) ಕುಟುಂಬವನ್ನೂ ಸೇರಿಸಿ.

ಎಲೆಕ್ಟ್ರೋಡ್ ಕ್ಯಾಪ್ ಬಿಚ್ಚುವಾಗ ಸಂಬಂಧಿಕರು "ನನಗೂ ಬರುತ್ತಾ ಸಾರ್?" ಎಂದು ಕೇಳುತ್ತಾರೆ. ಈ ಪರೀಕ್ಷೆ ಒಬ್ಬೊಬ್ಬರ ಬಗ್ಗೆ ಅದನ್ನು ಹೇಳಲಾರದು ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ತಿಳಿಸಿರಬೇಕು.